ಮಳೆಗಾಲ ಬಂದೊಡನೆ ಮರುಗ ಸಾಯುವುದೇಕೆ?

ಪ್ರಶ್ನೆ: ಪುಣೆಯ ಕೋಥರೂಡಿನಲ್ಲಿ, ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕುಂಡಗಳನ್ನಿಟ್ಟುಕೊಂಡಿದ್ದೇನೆ. ಧಾರವಾಡದ ತವರಿನಲ್ಲಿ ಅವ್ವ ಮಲ್ಲಿಗೆಯ ದಂಡೆಯ ನಡುವೆ ಮರುಗ ಸೇರಿಸಿ ಕಟ್ಟುತ್ತಿದ್ದಳು. ಆ ಪರಿಮಳದ ಆಸೆಗೆ, ಇಲ್ಲಿಯವರು ‘ಮರವಾ’ ಎನ್ನುವ ಅದೇ ಗಿಡವನ್ನು ದೀಪಾವಳಿಯ ಹೊತ್ತಿಗೆ ನರ್ಸರಿಯಿಂದ ತಂದೆ. ಮೇ ತನಕ ಚೆನ್ನಾಗಿಯೇ ಇತ್ತು. ಜುಲೈಯಲ್ಲಿ ಬುಡದ ಎಲೆಗಳು ಕಪ್ಪಾಗಿ, ಗಿಡ ಜೋಲತೊಡಗಿದೆ. ಬಾಡಿದಂತೆ ಕಂಡಾಗಲೆಲ್ಲ ನೀರು ಹಾಕಿದ್ದೇನೆ. ಹೀಗೆ ಕೈತಪ್ಪುತ್ತಿರುವುದು ಇದು ಮೂರನೆಯ ಗಿಡ. ಮರುಗ ಒಂದೇ ವರ್ಷ ಬದುಕುತ್ತದೆ ಎಂದು ಬೀಜದ ಪೊಟ್ಟಣವೊಂದರ ಮೇಲೆ ಓದಿದ್ದೆ. ಅದು ನಿಜವೇ?

ಉತ್ತರ (ತೋಟಗಾರಿಕೆ ಸಲಹೆಗಾರರು): ನಮಸ್ಕಾರ ಮೇಡಂ. ಆ ಮಾತು ಹಿಮ ಬೀಳುವ ದೇಶಗಳಿಗೆ ಸರಿ. ಮರುಗ ಬಹುವಾರ್ಷಿಕವೇ, ಹೆಪ್ಪುಗಟ್ಟುವ ಚಳಿಯನ್ನು ತಾಳಲಾರದ್ದರಿಂದ ಅಲ್ಲಿ ಅದನ್ನು ವರ್ಷವರ್ಷವೂ ಹೊಸದಾಗಿ ಬಿತ್ತುತ್ತಾರೆ. ಪುಣೆಯಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿದರೂ ಅಷ್ಟಕ್ಕೆ ಈ ಗಿಡ ಸಾಯುವುದಿಲ್ಲ. ಇಲ್ಲಿ ಅದನ್ನು ಕೊಲ್ಲುವುದು ನೀರು.

ಇದರ ಮೂಲ ನೆಲೆ ಸೈಪ್ರಸ್ ಮತ್ತು ದಕ್ಷಿಣ ಟರ್ಕಿ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ. ನಮ್ಮಲ್ಲಿ ಸೆಕೆಯೂ ಮಳೆಯೂ ಒಟ್ಟಿಗೆ ಬರುವುದರಿಂದ ಕುಂಡದ ಮಣ್ಣು ದಿನಗಟ್ಟಲೆ ಆರದೆ, ಗಾಳಿಯಾಡದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನೆಳೆಯಲಾರದ ಕಾರಣ, ಒದ್ದೆ ಮಣ್ಣಿನಲ್ಲಿಯೇ ನಿಂತಿದ್ದರೂ ಗಿಡ ಬಾಯಾರಿದಂತೆ ಬಾಡುತ್ತದೆ. ಅದನ್ನು ಕಂಡು ನೀವು ಮತ್ತೆ ನೀರೆರೆದಿದ್ದೀರಿ. ಇನ್ನು ಮುಂದೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು ಕೊಡಿ. ಕುಂಡದ ಕೆಳಗೆ ತಟ್ಟೆಯಿದ್ದರೆ ಸೆಪ್ಟೆಂಬರ್ ಮುಗಿಯುವವರೆಗೆ ತೆಗೆದಿಡಿ.

ನರ್ಸರಿಯ ಚೀಲದಲ್ಲಿ ಬೇರಿನ ಸುತ್ತ ಎಷ್ಟೋ ಸಲ ಅಂಟುಮಣ್ಣಿನ ಹೆಂಟೆ ಇರುತ್ತದೆ. ಅದನ್ನು ಹಾಗೆಯೇ ಕುಂಡಕ್ಕೆ ಇಳಿಸಿದರೆ, ಸುತ್ತಲೂ ಎಷ್ಟು ಒಳ್ಳೆಯ ಮಣ್ಣು ತುಂಬಿದರೂ ನಡುವಿನ ಹೆಂಟೆ ನೀರು ಹಿಡಿದುಕೊಂಡೇ ಇರುತ್ತದೆ. ಮೂರು ಸಲವೂ ಸೋಲಾಗಿರುವುದರಿಂದ ನನಗೆ ಇದರ ಮೇಲೆಯೇ ಹೆಚ್ಚು ಅನುಮಾನ. ಹೆಂಟೆಯನ್ನು ಮೆಲ್ಲಗೆ ಬಿಡಿಸಿ, ಎರಡು ಪಾಲು ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಎರೆಗೊಬ್ಬರ ಬೆರೆಸಿ ನೆಡಬೇಕು. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗುತ್ತದೆ, ಪರಿಮಳ ತೆಳುವಾಗುತ್ತದೆ.

ಮರುಪ್ರಶ್ನೆ: ಧನ್ಯವಾದಗಳು ಸರ್. ತಟ್ಟೆಯನ್ನು ಇಂದೇ ತೆಗೆದಿಟ್ಟೆ. ತುದಿಯ ನಾಲ್ಕಾರು ಕಡ್ಡಿಗಳು ಇನ್ನೂ ಹಸಿರಾಗಿವೆ; ಅವನ್ನಾದರೂ ಉಳಿಸಿಕೊಳ್ಳಬಹುದೇ?

ಉತ್ತರ: ಅವಶ್ಯವಾಗಿ ಪ್ರಯತ್ನಿಸಿ, ತಡಮಾಡಬೇಡಿ. ಮೊಗ್ಗಿಲ್ಲದ ಕಡ್ಡಿಗಳನ್ನು 8–10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಕತ್ತರಿಸಿದ ಜಾಗ ಒಳಗೆ ಕಂದಾಗಿದ್ದರೆ ಆ ಕಡ್ಡಿ ಬೇಡ. ಕೆಳಗಿನ ಎಲೆಗಳನ್ನು ಬಿಡಿಸಿ, ತೇವದ ಮರಳಿನಲ್ಲಿ ನೆಟ್ಟು, ಮಳೆಯ ಎರಚಲು ತಾಗದ, ಬೆಳಕಿರುವ ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಮಳೆ ಹಿಂದೆಗೆದ ಮೇಲೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಗಂಟುಗಂಟಾದ ಹಸಿರು ಮೊಗ್ಗು ಕಾಣಿಸಿದಾಗ ಗಿಡದ ಮೂರನೆಯ ಒಂದು ಭಾಗವನ್ನು ಕೊಯ್ದುಕೊಳ್ಳಿ. ದಂಡೆಗೆ ಆ ಹೊತ್ತಿನ ಕುಡಿಯೇ ಶ್ರೇಷ್ಠ. ಎಲೆಯಿಲ್ಲದ ಬರಿಯ ಕಟ್ಟಿಗೆಯವರೆಗೆ ಮಾತ್ರ ಕತ್ತರಿಸಬಾರದು, ಅಲ್ಲಿಂದ ಚಿಗುರುವುದು ಅಪರೂಪ. ಈಗ ಕೊಳೆತಿರುವ ಗಿಡದ ಮಣ್ಣನ್ನು ಹೊಸ ಸಸಿಗಳಿಗೆ ಬಳಸಬೇಡಿ. ಕುಂಡವನ್ನೂ ತೊಳೆದು ಬಿಸಿಲಿಗೆ ಒಣಗಿಸಿದ ಮೇಲೆಯೇ ಉಪಯೋಗಿಸಿ.