ಪದಚರ್ಚೆ: 'ಫಸ್ಟ್ ಪ್ರೆಸ್ಸಿಂಗ್'ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ. ಗೆಳೆಯರು ಸೇರಿ ಜಾಝ್ ರೆಕಾರ್ಡುಗಳ ಪುಟ್ಟ ಪ್ರದರ್ಶನ ಇಟ್ಟುಕೊಂಡಿದ್ದೇವೆ. ಪ್ರತಿ ರೆಕಾರ್ಡಿನ ಕೆಳಗೆ ಕನ್ನಡದ ಚೀಟಿಯೂ ಇರಲೇಬೇಕು ಅಂತ ಹಟ ಹಿಡಿದವಳು ನಾನು. ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು.

ಸಿಕ್ಕಿಕೊಂಡಿರುವುದು 'ಫಸ್ಟ್ ಪ್ರೆಸ್ಸಿಂಗ್', 'ಡೆಡ್ ವ್ಯಾಕ್ಸ್', 'ಡೀಪ್ ಗ್ರೂವ್' ಇವುಗಳಲ್ಲಿ. ಒಂದು ಚೀಟಿ ಹೀಗಿದೆ: 'ಜಾನ್ ಕೋಲ್ಟ್ರೇನ್. ಬ್ಲೂ ಟ್ರೇನ್. ಬ್ಲೂ ನೋಟ್ 1577. ಮೊದಲ ಮುದ್ರಣ.' (ಕೋಲ್ಟ್ರೇನ್ ಸ್ಯಾಕ್ಸೊಫೋನ್ ವಾದಕ, ಬ್ಲೂ ನೋಟ್ ರೆಕಾರ್ಡ್ ಕಂಪನಿ, 1577 ರೆಕಾರ್ಡಿನ ನಂಬರು.) ಓದಿದ ಗೆಳತಿ, 'ಓ, ಕೋಲ್ಟ್ರೇನ್ ಮೊದಲು ರೆಕಾರ್ಡ್ ಮಾಡಿದ್ದು ಇದನ್ನೇನಾ?' ಅಂದಳು. ಅಲ್ಲವೇ ಅಲ್ಲ. ಆದರೆ ತಪ್ಪು ಅವಳದಲ್ಲ. ಧ್ವನಿಮುದ್ರಣ ಅಂದರೆ ಸ್ಟುಡಿಯೋದಲ್ಲಿ ನುಡಿಸಿ ಹಿಡಿದಿಡುವುದು. ಮುದ್ರಿಕೆ ಅಂದರೆ ಕೈಗೆ ಸಿಗುವ ತಟ್ಟೆ. ಮುದ್ರಣ ಅಂದರೆ ಪುಸ್ತಕದ್ದು. ನಾನು ಹೇಳಬೇಕಾದದ್ದು ಈ ಮೂರೂ ಅಲ್ಲ, ಕಾರ್ಖಾನೆಯಲ್ಲಿ ಒತ್ತಿ ತೆಗೆದ ಮೊದಲ ಕಂತು.

ರೆಕಾರ್ಡಿನ ಸ್ಥಿತಿ ಹೇಳುವ 'ಮಿಂಟ್' ಅನ್ನೋದನ್ನು ಕಂಪ್ಯೂಟರಿಗೆ ಕೊಟ್ಟೆ. 'ಪುದೀನ' ಅಂದಿತು. ಅದಕ್ಕೇ ಇಲ್ಲಿಗೆ ಬಂದೆ.

ಇನ್ನೊಂದು. ಒಂದು ಮೂಲೆಯಲ್ಲಿ ಕೂತು ಸುಮ್ನೆ ಕೇಳುವ ಜಾಗ ಮಾಡಿದ್ದೇವೆ. ಬಾಗಿಲಿಗೆ 'ಜಾಝ್ ಕಿಸ್ಸಾ' ಅಂತ ಬೋರ್ಡು. ಇದಕ್ಕೂ ಕನ್ನಡ ಬೇಕಾ?

ಮೈಸೂರಿನಿಂದ

'ಪ್ರಥಮಾವೃತ್ತಿ' ಹಾಕಿ, ಮುಗಿಯಿತು. ಪುಸ್ತಕಕ್ಕೆ ನಡೆದದ್ದು ರೆಕಾರ್ಡಿಗೂ ನಡೆಯುತ್ತದೆ. ಅಷ್ಟೇ ಅಲ್ಲ, ರೆಕಾರ್ಡಿಗೇ ಹೆಚ್ಚು ಸರಿ. ಆವೃತ್ತಿಯ 'ವೃತ್' ಧಾತುವಿಗೆ ತಿರುಗು, ಸುತ್ತು ಎಂಬ ಅರ್ಥ. ತಾಳದ ಆವರ್ತ, ಮತ್ತೆ ಮತ್ತೆ ಮಾಡುವ ಆವರ್ತನ, ಎಲ್ಲವೂ ಅಲ್ಲಿಂದಲೇ. ನಿಮಿಷಕ್ಕೆ ಮೂವತ್ತಮೂರು ಸುತ್ತು ಹಾಕುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿದೆ?

'ಡೆಡ್ ವ್ಯಾಕ್ಸ್'ಗೆ, ಅಂದರೆ ಹಾಡು ಮುಗಿದ ಮೇಲಿನ ಬರಿ ಜಾಗಕ್ಕೆ, 'ಮೂಕವಲಯ' ಆಗಬಹುದು.

ಮಂಗಳೂರಿನಿಂದ

> 'ಪ್ರಥಮಾವೃತ್ತಿ' ಹಾಕಿ, ಮುಗಿಯಿತು.

ಮುಗಿಯಲಿಲ್ಲ. ವಿಜ್ಞಾನ ಓದಿದವರಿಗೆ ಆವೃತ್ತಿ ಅಂದರೆ ಫ್ರೀಕ್ವೆನ್ಸಿ. ಸದ್ದಿಗೆ ಸಂಬಂಧಿಸಿದ ಪ್ರದರ್ಶನದಲ್ಲಿ ಆ ಪದ ಹಾಕಿದರೆ ಗೊಂದಲ ಗ್ಯಾರಂಟಿ. ಪುಸ್ತಕದ ಆವೃತ್ತಿ ಬದಲಾದರೆ ಒಳಗಿನ ಮಾತೂ ಬದಲಾಗಿರಬಹುದು. ಇಲ್ಲಿ ಒಳಗಿರುವುದು ಅದೇ ನುಡಿಸಾಣಿಕೆ.

ಕನ್ನಡದಲ್ಲೇ ಪದ ಇದೆ: ಅಚ್ಚು. ಬೆಲ್ಲದ ಅಚ್ಚು ಗೊತ್ತಲ್ಲ, ಅದೇ. ಒತ್ತಿ ತೆಗೆಯುವ ಸಾಧನವೂ ಅಚ್ಚು, ಒತ್ತಿ ತೆಗೆದದ್ದೂ ಅಚ್ಚು. 'ಮೊದಲಚ್ಚು', 'ಮರುಅಚ್ಚು'. ರೆಕಾರ್ಡಿನ ಮೇಲೆ ಮುಳ್ಳು ಓಡುವ ಗ್ರೂವ್‌ಗೆ 'ಸಾಲು', ನೇಗಿಲ ಸಾಲಿನ ಸಾಲು. ಡೀಪ್ ಗ್ರೂವ್ 'ಆಳಸಾಲು'. ಸಾಲು ಮುಗಿದ ಮೇಲಿನ ಜಾಗ 'ಬದು'. ಬೋರ್ಡಿಗೆ 'ಆಲಿಸುಮನೆ'.

ಮತ್ತೆ, ಜಾಝ್ ಅಂತ ಬರೆಯಬೇಡಿ. ಝ ಅನ್ನುವುದು ಝರಿ, ಝಳದ ಝ, ಮಹಾಪ್ರಾಣ. ಇಂಗ್ಲಿಷಿನ ಕೊನೆಯ ಅಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲ. ಜಾಜ್ ಸಾಕು.

ನ್ಯೂಜೆರ್ಸಿಯಿಂದ

ಮೇಷ್ಟ್ರೇ, ಮಂಗಳೂರು ಸರ್, ಪದ ಕಟ್ಟುವ ಮುಂಚೆ ವಸ್ತುವನ್ನು ಒಮ್ಮೆ ನೋಡೋಣ. ಇಲ್ಲದಿದ್ದರೆ ಚೀಟಿ ತಪ್ಪು ಹೇಳುತ್ತದೆ. ನನಗೆ ಈ ಹುಚ್ಚು ಹಳೆಯದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

'ಬ್ಲೂ ಟ್ರೇನ್' ನುಡಿಸಿದ್ದು 1957ರ ಸೆಪ್ಟೆಂಬರ್ 15ರಂದು, ಇಲ್ಲೇ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ. ರೂಡಿ ವ್ಯಾನ್ ಗೆಲ್ಡರ್ ಎಂಬ ಮಹಾನುಭಾವ ಅಪ್ಪ ಅಮ್ಮನ ಮನೆಯ ನಡುಮನೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಕೆಲಸ. ಉಳಿದ ಹೊತ್ತು ರೆಕಾರ್ಡಿಂಗ್. ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಆದದ್ದು 1959ರಲ್ಲಿ. ಹ್ಯಾಕೆನ್‌ಸ್ಯಾಕ್‌ನಲ್ಲಿ ಟೇಪಿನ ಮೇಲೆ ಹಿಡಿದದ್ದು ಧ್ವನಿಮುದ್ರಣ. ಈ ಪದ ಚೆನ್ನಾಗಿದೆ, ಹಾಗೇ ಇರಲಿ.

ಆಮೇಲೆ ಅದೇ ಟೇಪಿನಿಂದ ಮೆದು ಲೇಪದ ತಟ್ಟೆಯ ಮೇಲೆ ಸಾಲು ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಪದರ ಕೊಟ್ಟು, ನಿಕ್ಕಲ್ ಏರಿಸಿ, ಬಿಡಿಸಿದರೆ ಉಬ್ಬುಸಾಲಿನ ಲೋಹದ ತಟ್ಟೆ ಬರುತ್ತದೆ. ಅದರಿಂದ ತಗ್ಗುಸಾಲಿನ ಇನ್ನೊಂದು. ಅದರಿಂದ ಮತ್ತೆ ಉಬ್ಬುಸಾಲಿನ ಮೂರನೆಯದು. ಈ ಮೂರನೆಯದನ್ನು ಯಂತ್ರಕ್ಕೆ ಹಾಕಿ, ಬಿಸಿ ವಿನೈಲ್ ಮುದ್ದೆಯನ್ನು ಒತ್ತಿದರೆ ರೆಕಾರ್ಡು. ಆ ಮೂರನೆಯ ತಟ್ಟೆ ಅಕ್ಷರಶಃ ಅಚ್ಚು. ಹಾಗಾಗಿ ನನ್ನ ಮತ ಮಂಗಳೂರಿಗೆ. ಆದರೆ 'ಮೊದಲಚ್ಚು' ಅಂತ ಅಂಟಿಸಬೇಡಿ, 'ಮೊದಲ ಅಚ್ಚು' ಅಂತ ಬಿಡಿಸಿ. ನಿಂತು ಓದುವವರಿಗೆ ಸುಲಭ.

'ಆಳಸಾಲು' ಮಾತ್ರ ಪೂರ್ತಿ ತಪ್ಪು. ಡೀಪ್ ಗ್ರೂವ್ ಹಾಡಿನ ಸಾಲೇ ಅಲ್ಲ! ಅಲ್ಲಿ ಮುಳ್ಳು ಹೋಗುವುದೇ ಇಲ್ಲ. ನಡುವಿನ ಕಾಗದದ ಲೇಬಲ್ ಮೇಲೆ ಬೆರಳಿಗೆ ಸಿಗುವ ಒಂದು ದುಂಡನೆಯ ತಗ್ಗು ಅದು. ಒತ್ತುವ ಯಂತ್ರದ ಹಳೆಯ ಬಿಲ್ಲೆಗಳಿಂದ ಬೀಳುತ್ತಿತ್ತು. ಸಂಗ್ರಹಕಾರರಿಗೆ ಅದು ವಯಸ್ಸಿನ ಗುರುತು. 'ಲೇಬಲ್ ಮೇಲಿನ ತಗ್ಗುಬಳೆ' ಅಂದರೆ ಎಲ್ಲರಿಗೂ ಕಾಣುತ್ತದೆ.

ಡೆಡ್ ವ್ಯಾಕ್ಸ್ ಅನ್ನೋ ಹೆಸರಿಗೆ ಕಾರಣ, ಹಿಂದೆ ದಪ್ಪ ಮೇಣದ ಮೇಲೆ ಕೊರೆಯುತ್ತಿದ್ದರು. ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಬರಿ ಜಾಗ. ಅದು 'ಮೂಕ'ವೇನಲ್ಲ ಮೇಷ್ಟ್ರೇ, ಸಂಗ್ರಹಕಾರರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಸರಣಿ ನಂಬರು ಅಲ್ಲಿದೆ. ವ್ಯಾನ್ ಗೆಲ್ಡರ್ ತಾವೇ ಸಾಲು ಕೊರೆದಿದ್ದರೆ ಅವರ ಹೆಸರಿನ ಮೂರು ಅಕ್ಷರದ ಗುರುತು ಅಲ್ಲಿದೆ. ಜೊತೆಗೆ 'ಕಿವಿ' ಇದೆಯಾ ನೋಡುತ್ತಾರೆ. ಪ್ಲಾಸ್ಟಿಲೈಟ್ ಎಂಬ ಕಾರ್ಖಾನೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಕೂಡುಬರಹದಲ್ಲಿ ಕೆತ್ತುತ್ತಿತ್ತು. ನೋಡಲು ಕಿವಿಯ ಹಾಗಿದೆ. ಇಂಗ್ಲಿಷಿನವರೂ ಕಿವಿ ಅಂತಲೇ ಅನ್ನುತ್ತಾರೆ. 1965–66ರ ಹೊತ್ತಿಗೆ ಬ್ಲೂ ನೋಟ್ ಅನ್ನು ಲಿಬರ್ಟಿ ಕಂಪನಿ ಕೊಂಡುಕೊಂಡಿತು. ಕೆಲಸ ಪ್ಲಾಸ್ಟಿಲೈಟ್ ಕೈ ತಪ್ಪಿತು, ಕಿವಿ ಹೋಯಿತು. ಆದರೆ ಉಳಿದಿದ್ದ ಹಳೆಯ ಲೇಬಲ್‌ಗಳನ್ನು ಹೊಸ ರೆಕಾರ್ಡುಗಳಿಗೂ ಅಂಟಿಸಿದರು. ಅದಕ್ಕೇ ಬರಿ ಲೇಬಲ್ ನೋಡಿ ದುಡ್ಡು ಕೊಡಬಾರದು.

'ಬದು' ಚೆನ್ನಾಗಿದೆ, ಆದರೆ ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಹೊಲದ ಬದು ಗೊತ್ತು? 'ಒಳ ಅಂಚು' ಅನ್ನಿ.

ಮೈಸೂರಿನಿಂದ

'ಪ್ರಥಮಾವೃತ್ತಿ' ಬೇಡವಾದರೆ ಬೇಡ. ಆದರೆ 'ಕನ್ನಡದಲ್ಲೇ ಇದೆ' ಎಂಬ ಗತ್ತಿಗೆ ಒಂದು ಮಾತು. ಅಚ್ಚಗನ್ನಡ ಅಂತ ಎದೆ ತಟ್ಟಿಕೊಳ್ಳುತ್ತೀರಲ್ಲ, ಆ 'ಅಚ್ಚ'ವೇ ಸಂಸ್ಕೃತದ 'ಅಚ್ಛ'. ಗಾಡಿಯ ಅಚ್ಚು 'ಅಕ್ಷ'.

ಮಂಗಳೂರಿನಿಂದ

ಗಾಡಿಯ ಅಚ್ಚು ಬೇರೆ, ಒತ್ತುವ ಅಚ್ಚು ಬೇರೆ. ಒತ್ತುವ ಅಚ್ಚು ತಮಿಳಿನಲ್ಲೂ ಇದೆ, ಮಲಯಾಳದಲ್ಲೂ ಇದೆ. ಉಚ್ಚಾರ ಒಂದೇ ಆದ ಮಾತ್ರಕ್ಕೆ ಎಲ್ಲವನ್ನೂ ಒಂದೇ ತೊಟ್ಟಿಲಿಗೆ ಹಾಕಬೇಡಿ.

ಧಾರವಾಡದಿಂದ

ಪ್ರಿಂಟಿಂಗ್ ನಾಳೆ ಸಂಜೆ ಅಂತ ಆ ತಂಗಿ ಬರೆದಿದ್ದಾರೆ. ನೀವಿಬ್ಬರೂ ಅಷ್ಟರೊಳಗೆ ಪಾಣಿನಿವರೆಗೆ ಹೋಗಿ ಬರುತ್ತೀರಿ.

ಎಲ್ಲದಕ್ಕೂ ಪದ ಯಾಕೆ ಬೇಕ್ರೀ? 'ರೆಕಾರ್ಡು' ಅಂದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಹಿಂದಿನವರು 'ಪ್ಲೇಟು' ಅಂದರು. ನಮ್ಮ ಪಕ್ಕದ ಮರಾಠಿಯವರಿಗೆ 'ತಬಕಡಿ'. ಆಮೇಲೆ ಕಮಿಟಿಯವರು ಬಂದರು: ಕ್ಯಾಸೆಟ್ಟಿಗೆ 'ಧ್ವನಿಸುರುಳಿ', ಸಿ.ಡಿ.ಗೆ 'ಧ್ವನಿಸಾಂದ್ರಿಕೆ'. ಬಿಡುಗಡೆ ಸಮಾರಂಭದ ಬ್ಯಾನರ್ ಬಿಟ್ಟು ಅಂಗಡಿಯಲ್ಲಿ ಯಾರಾದರೂ 'ಒಂದು ಧ್ವನಿಸಾಂದ್ರಿಕೆ ಕೊಡಿ' ಅಂದದ್ದು ಕೇಳಿದ್ದೀರಾ?

ಜಾಝೋ ಜಾಜೋ ಅಂತ ಜಗಳ ಬೇರೆ. ಮೊದಲ ಜಾಝ್ ರೆಕಾರ್ಡು ಅಂತ ಎಲ್ಲರೂ ಹೇಳುವುದು 1917ರಲ್ಲಿ ವಿಕ್ಟರ್ ಕಂಪನಿ ತಂದದ್ದು. ಅದರ ಮೇಲೆ ಬ್ಯಾಂಡಿನ ಹೆಸರಿನಲ್ಲಿ 'ಜಾಸ್' ಅಂತಿದೆ. ಅದಕ್ಕೂ ಮುಂಚೆ, 1912–13ರ ಹೊತ್ತಿಗೆ, ಆ ಪದ ಓಡಾಡುತ್ತಿದ್ದುದು ಕ್ಯಾಲಿಫೋರ್ನಿಯಾದ ಬೇಸ್‌ಬಾಲ್ ಸುದ್ದಿಗಳಲ್ಲಿ. ಹುಟ್ಟಿಸಿದವರೇ ಒಂದು ಕಾಗುಣಿತಕ್ಕೆ ನಿಲ್ಲಲಿಲ್ಲ. ನಮಗೇನು ಅವಸರ?

ಬೋರ್ಡಿಗೆ 'ಕಿಸ್ಸಾ' ಇರಲಿ. ಉರ್ದುವಿನ ಕಿಸ್ಸಾ, ಕತೆ. ಜಾಝಿನ ಕತೆ. ಚಂದ ಇದೆ.

ನ್ಯೂಜೆರ್ಸಿಯಿಂದ

ಅದು ಉರ್ದು ಅಲ್ಲ, ಜಪಾನಿ. 'ಕಿಸ್ಸಾತೆನ್' ಅಂದರೆ ಚಹಾ ಕುಡಿಯುವ ಅಂಗಡಿ. ಅದನ್ನೇ ಮೊಟಕು ಮಾಡಿ ಕಿಸ್ಸಾ. ಆಮದು ರೆಕಾರ್ಡು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಒಂದು ಕಪ್ ಕಾಫಿಯ ದುಡ್ಡಿಗೆ ಕೂತು ಕೇಳಬಹುದಿತ್ತು. ಯೊಕೊಹಾಮಾದ ಚಿಗುಸಾ ಶುರುವಾದದ್ದು 1933ರಲ್ಲಿ. ಇಂಥ ಎಷ್ಟೋ ಕಡೆ ಮಾತಾಡಿದರೆ ಸುಮ್ಮನಿರಿ ಅನ್ನುತ್ತಾರೆ. ಕತೆಗೆ ಅಲ್ಲಿ ಜಾಗವೇ ಇಲ್ಲ!

ಮಂಗಳೂರಿನಿಂದ

> ಎಲ್ಲದಕ್ಕೂ ಪದ ಯಾಕೆ ಬೇಕ್ರೀ?

ಈ ಸೋಮಾರಿತನಕ್ಕೆ 'ಉದಾರತೆ' ಅಂತ ಹೆಸರು ಬೇರೆ. 'ಕಿಸ್ಸಾ' ಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ ನೀವೇ ಸಾಕ್ಷಿ. ಪದ ಇಲ್ಲದ ಕಡೆ ಎರವಲು ತನ್ನಿ, ಬೇಡ ಅಂದವರಾರು? ಇರುವ ಪದವನ್ನು ಮೂಲೆಗೆ ತಳ್ಳಿ ತರಬೇಡಿ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನ ಹಳೆಯ ರೆಕಾರ್ಡುಗಳ ಚೀಟಿಯಲ್ಲಿ 'ಶೆಲ್ಲ್ಯಾಕ್' ಅಂತ ಬರೆಯುತ್ತೀರಿ, ಅಲ್ವಾ? ಅದು ಅರಗು. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅದೇ ಅರಗು.

ಮೈಸೂರಿನಿಂದ

ಅರಗು ಅಂದರೆ ಸಂಸ್ಕೃತದ ಲಾಕ್ಷಾ, ರಾಕ್ಷಾ. ನೋಡಿಕೊಳ್ಳಿ.

ಮಂಗಳೂರಿನಿಂದ

ಇರಲಿ. ಕನ್ನಡದಲ್ಲಿ ಅರಗಿದೆಯಲ್ಲ, ಸಾಕು.

ನ್ಯೂಜೆರ್ಸಿಯಿಂದ

ಈ ಒಂದು ವಿಷಯದಲ್ಲಿ ಇಬ್ಬರೂ ಸರಿ. ಇಂಗ್ಲಿಷಿನ ಶೆಲ್ಲ್ಯಾಕ್‌ನ ಬಾಲದಲ್ಲಿರುವ 'ಲ್ಯಾಕ್' ನಮ್ಮ ಲಾಕ್ಷಾ, ಲಾಖ್ ಇವುಗಳ ಸಂಬಂಧಿಯೇ. ಸರಕೂ ಹೆಚ್ಚಾಗಿ ಭಾರತದಿಂದಲೇ ಹೋಗುತ್ತಿತ್ತು. ಯುದ್ಧದಿಂದ ಸರಬರಾಜು ಕಷ್ಟವಾಗಿ 1942ರಲ್ಲಿ ಅಮೆರಿಕ ಸರ್ಕಾರ ಅರಗಿಗೆ ರೇಷನ್ ಹಾಕಿತು. ಹಳೆಯ ರೆಕಾರ್ಡು ತಂದು ಕೊಡಿ, ಪುಡಿ ಮಾಡಿ ಹೊಸದು ಒತ್ತುತ್ತೇವೆ ಅಂದರು. ಎಷ್ಟು ಒಳ್ಳೆಯ ಜಾಝ್ ಹಾಗೆ ಪುಡಿಯಾಯಿತೋ! ಆದರೆ ಚೀಟಿಯಲ್ಲಿ 'ಅರಗಿನ ರೆಕಾರ್ಡು' ಅಂತ ಹಾಕುವ ಮುಂಚೆ ಇದು ಗೊತ್ತಿರಲಿ: ಅರಗು ಬರಿ ಅಂಟು. ರೆಕಾರ್ಡಿನ ಬಹುಪಾಲು ಕಲ್ಲಿನ ಪುಡಿ ಮತ್ತು ಕಪ್ಪು. ಹಾಗಂತ ಪದ ತಪ್ಪೇನಲ್ಲ, ಇಂಗ್ಲಿಷಿನವರೂ ಅಂಟಿನ ಹೆಸರಲ್ಲೇ ಕರೆದರು.

ಧಾರವಾಡದವರ ಪರವಾಗಿಯೂ ಒಂದು. ಇವತ್ತು ಜಗತ್ತಿನ ಜಾಝ್ ಡ್ರಮ್ಮರುಗಳು ನಮ್ಮ ಕೊನ್ನಕ್ಕೋಲನ್ನು (ಬಾಯಲ್ಲೇ ತಾಳದ ಸೊಲ್ಲು ಹೇಳುವುದು) ಕೊನ್ನಕ್ಕೋಲ್ ಅಂತಲೇ ಕರೆಯುತ್ತಾರೆ. ಯಾರೂ ಅದಕ್ಕೆ ಇಂಗ್ಲಿಷ್ ಪದ ಕಟ್ಟಲು ಕೂರಲಿಲ್ಲ. ತಂಗಿ, ಬೆಂಗಳೂರಿನ ಪ್ರದರ್ಶನದಲ್ಲಿ 'ಜ್ಯೋತಿ' ಇದೆ ತಾನೇ? ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ ಜೊತೆ ನಿಮ್ಮೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್.ಎ. ರಮಾಮಣಿ ಹಾಡಿದ್ದು. ಮ್ಯೂನಿಕ್‌ನ ಇ.ಸಿ.ಎಂ. ಕಂಪನಿ, 1983. ಅದಿಲ್ಲದೆ ಪ್ರದರ್ಶನ ಮಾಡಿದರೆ ನಾನು ಒಪ್ಪುವುದಿಲ್ಲ.

ಬೆಂಗಳೂರಿನಿಂದ

'ಜ್ಯೋತಿ' ಇದೆ, ಬಾಗಿಲ ಪಕ್ಕದಲ್ಲೇ. ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸುತ್ತಿದ್ದೇನೆ:

ಪ್ರೆಸ್ಸಿಂಗ್: ಅಚ್ಚು. ಫಸ್ಟ್ ಪ್ರೆಸ್ಸಿಂಗ್: ಮೊದಲ ಅಚ್ಚು. ರೀಇಶ್ಯೂ: ಮರುಅಚ್ಚು. ರೆಕಾರ್ಡಿಂಗ್: ಧ್ವನಿಮುದ್ರಣ. ವಸ್ತುವಿಗೆ ರೆಕಾರ್ಡು (ಮಂಗಳೂರು ಸರ್ ಕ್ಷಮಿಸಬೇಕು). ಗ್ರೂವ್: ಸಾಲು. ಡೀಪ್ ಗ್ರೂವ್: ಲೇಬಲ್ ಮೇಲಿನ ತಗ್ಗುಬಳೆ. ಡೆಡ್ ವ್ಯಾಕ್ಸ್: ಒಳ ಅಂಚು. ಎಪ್ಪತ್ತೆಂಟು ಸುತ್ತಿನವು ಅರಗಿನ ರೆಕಾರ್ಡು. ಮಿಂಟ್: ಹೊಚ್ಚ ಹೊಸದರಂತೆ. ಬೋರ್ಡಿನಲ್ಲಿ 'ಕಿಸ್ಸಾ' ತೆಗೆದು 'ಕೂತು ಕೇಳಿ' ಅಂತ ಹಾಕಿದೆ. ಝ ಹಾಗೇ ಇದೆ, ತಲೆಬರಹ ಆಗಲೇ ಪ್ರಿಂಟಾಗಿದೆ.

ಕೋಲ್ಟ್ರೇನ್ ಚೀಟಿ: 'ಧ್ವನಿಮುದ್ರಣ 1957. ಒಳ ಅಂಚಿನಲ್ಲಿ ಕಿವಿಯಾಕಾರದ ಗುರುತಿದೆ, ಆದ್ದರಿಂದ ಇದು ಮೊದಲ ಅಚ್ಚು.' ಸರಿ ತಾನೇ?

ಮಂಗಳೂರಿನಿಂದ

ಝ ತಪ್ಪು.

ನ್ಯೂಜೆರ್ಸಿಯಿಂದ

ತಡೆಯಿರಿ, ಆ 'ಆದ್ದರಿಂದ' ತೆಗೆಯಿರಿ. ಕಿವಿ ಇದ್ದರೆ ಪ್ಲಾಸ್ಟಿಲೈಟ್‌ನಲ್ಲಿ ಒತ್ತಿದ್ದು ಅಂತ ಮಾತ್ರ ಗೊತ್ತಾಗುತ್ತದೆ. 1966ಕ್ಕೆ ಮುಂಚೆ ಅಲ್ಲೇ ಒತ್ತಿದ ಮರುಅಚ್ಚುಗಳಲ್ಲೂ ಕಿವಿ ಇರುತ್ತದೆ. ಲೇಬಲ್ ಮೇಲಿನ ವಿಳಾಸ ಓದಿ. 'ವೆಸ್ಟ್ 63' ಬೀದಿಯ ವಿಳಾಸ ಇರಬೇಕು, ತಗ್ಗುಬಳೆ ಎರಡೂ ಬದಿಯಲ್ಲಿರಬೇಕು. ಬರಿ 'ನ್ಯೂಯಾರ್ಕ್, ಯು.ಎಸ್.ಎ.' ಅಂತಿದ್ದರೆ ಅದು ಆಮೇಲಿನದು, ಕಿವಿ ಎಷ್ಟೇ ಚೆಂದ ಇರಲಿ. ಎರಡೂ ಬದಿಯ ಲೇಬಲ್ ಫೋಟೋ ತೆಗೆದು ಈಗಲೇ ಕಳಿಸಿ. ಇಲ್ಲಿ ಇನ್ನೂ ಬೆಳಗ್ಗೆ, ನೋಡಿ ಹೇಳುತ್ತೇನೆ.