ರೈಜನ್ ಲ್ಯಾಪ್‌ಟಾಪ್‌ಗೆ ಹಾಕಿದ ಎಎಕ್ಸ್201 ವೈಫೈ ಕಾರ್ಡ್ ಕಾಣಿಸ್ತಿಲ್ಲ

ಪ್ರಶ್ನೆ:
ರೈಜನ್ 5 ಲ್ಯಾಪ್‌ಟಾಪ್. ಹಳೇ ವೈಫೈ ಕಾರ್ಡ್ ತೆಗೆದು ಇಂಟೆಲ್ ಎಎಕ್ಸ್201 ಹಾಕಿದ್ದೇನೆ. ಸ್ಲಾಟ್‌ನಲ್ಲಿ ಸರಿಯಾಗಿಯೇ ಕೂತಿದೆ. ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈಯೂ ಇಲ್ಲ, ಬ್ಲೂಟೂತೂ ಇಲ್ಲ. ಡ್ರೈವರ್ ಎರಡು ಸಲ ಹಾಕಿ ಆಯ್ತು. ಕೆಟ್ಟಿರೋದು ಕಾರ್ಡಾ, ಸ್ಲಾಟಾ?

ಉತ್ತರ 1:
ಬಹುಶಃ ಎರಡೂ ಅಲ್ಲ. ಎಎಕ್ಸ್201 ಸಿಎನ್‌ವಿಐ ಕಾರ್ಡು. ಅದರ ಮೇಲೆ ಇರೋದು ರೇಡಿಯೊ ಭಾಗ ಮಾತ್ರ, ಉಳಿದ ಕೆಲಸವೆಲ್ಲ ಇಂಟೆಲ್ ಚಿಪ್‌ಸೆಟ್‌ನೊಳಗೇ ನಡೆಯುತ್ತೆ. ರೈಜನ್ ಎಎಂಡಿ ಕಂಪನಿಯ ಪ್ರೊಸೆಸರ್, ಅದರ ಬೋರ್ಡಲ್ಲಿ ಆ ಭಾಗವೇ ಇಲ್ಲ, ಯಾವ ಡ್ರೈವರ್ ಹಾಕಿದರೂ ಏಳೋದಿಲ್ಲ. ಅಂಚಿನ ಕಚ್ಚು ಹೊಂದಿಕೊಂಡು ಕಾರ್ಡ್ ಒಳಗೆ ಕೂರೋದರಿಂದ ತುಂಬ ಜನ ಇಲ್ಲೇ ಎಡವುತ್ತಾರೆ. ವಾಪಸ್ ಕೊಟ್ಟು ಎಎಕ್ಸ್200 ಅಥವಾ ಎಎಕ್ಸ್210 ತಗೊಳ್ಳಿ, 2230 ಅಳತೆಯದ್ದು (22 ಮಿ.ಮೀ. ಅಗಲ, 30 ಮಿ.ಮೀ. ಉದ್ದ). ಇವು ಮಾಮೂಲಿ ಪಿಸಿಐಇ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ಸಾಮಾನ್ಯ ಲೈನ್) ಮೇಲೆ ನಡೆಯುತ್ತವೆ. ಬ್ಲೂಟೂತ್ ಮಾತ್ರ ಅದೇ ಸ್ಲಾಟಿನ ಯುಎಸ್‌ಬಿ ಲೈನಿಂದ ಬರುತ್ತೆ. ಲಿನಕ್ಸ್ ಆದರೆ ಎಎಕ್ಸ್210ಗೆ ಕರ್ನೆಲ್ 5.10 ಅಥವಾ ಅದಕ್ಕಿಂತ ಹೊಸದು ಬೇಕು.

ಉತ್ತರ 2:
ಮೇಲಿನ ಮಾತು ಸರಿ. ಬದಲಿಸುವಾಗ ಆಂಟೆನಾ ವೈರ್ ಬಗ್ಗೆ ಜೋಪಾನ, ಕಾರ್ಡಿಗಿಂತ ಹೆಚ್ಚಾಗಿ ಹಾಳಾಗೋದು ಅದೇ. ಮೊದಲು ಹೊಸ ಡ್ರೈವರನ್ನು ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಶಿಫ್ಟ್ ಒತ್ತಿಕೊಂಡೇ ಶಟ್‌ಡೌನ್ ಕೊಡಿ, ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಪೂರ್ತಿ ಆಫ್ ಆಗಿರೋದಿಲ್ಲ. ಚಾರ್ಜರ್ ಕಿತ್ತು, ಹಿಂಬದಿ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ತೆಗೆಯಿರಿ.

ವೈರಿನ ತುದಿಯಲ್ಲಿರೋದು ಎಂಎಚ್‌ಎಫ್4, ಅಕ್ಕಿಕಾಳಿಗಿಂತ ಚಿಕ್ಕ ದುಂಡನೆ ಟೊಪ್ಪಿ. ಸುಮಾರು 30 ಸಲ ಹಾಕಿ ತೆಗೆಯೋದಕ್ಕಷ್ಟೇ ಅದು ತಯಾರಾಗಿರೋದು. ವೈರ್ ಹಿಡಿದು ಎಳೀಬೇಡಿ, ಟೊಪ್ಪಿಯ ಅಡಿಗೆ ಪ್ಲಾಸ್ಟಿಕ್ ಚಪ್ಪಟೆ ತುದಿ ಕೊಟ್ಟು ನೇರ ಮೇಲಕ್ಕೆ ಎತ್ತಿ. ಕೂರಿಸುವಾಗ ಅಲುಗಿಸಿ ನೋಡಿ, ಟೊಪ್ಪಿ ಕಾರ್ಡಿನ ಪಿನ್ನಿನ ನೇರ ಮೇಲೆ ಬಂತು ಅನ್ನಿಸಿದಾಗ ಉಗುರಿನಿಂದ ಒತ್ತಿ. ಸಣ್ಣ ಟಿಕ್ ಕೇಳಿಸುತ್ತೆ. ಓರೆಯಾಗಿ ಒತ್ತಿದರೆ ನಡುವಿನ ಪಿನ್ ಬಾಗುತ್ತೆ. ಆಮೇಲೆ ರೂಟರ್ ಪಕ್ಕದಲ್ಲಿದ್ದರೆ ಸಿಗ್ನಲ್, ಪಕ್ಕದ ರೂಮಿಗೆ ಹೋದರೆ ಇಲ್ಲ.

ಪ್ರಶ್ನೆ ಕೇಳಿದವರು:
ವೈರ್ ಒಂದು ಕಪ್ಪು, ಒಂದು ಬಿಳಿ. ಅದಲುಬದಲಾದರೆ?

ಉತ್ತರ 2:
ಕಾರ್ಡ್ ಸುಡೋದಿಲ್ಲ. ಆದರೂ ಹಳೇ ಕಾರ್ಡಿನಲ್ಲಿ ಯಾವುದು ಎಲ್ಲಿತ್ತು ಅಂತ ಬಿಚ್ಚುವ ಮೊದಲೇ ಫೋಟೊ ತೆಗೆದಿಡಿ, ಬಣ್ಣದ ಲೆಕ್ಕ ಎಲ್ಲ ಕಂಪನಿಗೂ ಒಂದೇ ಅಲ್ಲ. ಎರಡನ್ನೂ ಹಾಕಲೇಬೇಕು.

ಉತ್ತರ 3:
ಕಾರ್ಡನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ತಳ್ಳಿ. ಬಿಟ್ಟಾಗ ತುದಿ ಮೇಲಕ್ಕೆದ್ದೇ ನಿಲ್ಲುತ್ತೆ, ಅದು ಸಹಜ. ಬಂಗಾರದ ಪಟ್ಟಿ ಹೊರಗೆ ಕಾಣುತ್ತಿದ್ದರೆ ಇನ್ನೂ ಒಳಗೆ ಹೋಗಬೇಕು. ಆಮೇಲೆ ಕೆಳಗೊತ್ತಿ ಸ್ಕ್ರೂ ಹಾಕಿ. ಪಟ್ಟಿ ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನೂಲೆಳೆ ಉದುರದ ಬಟ್ಟೆ ಸಾಕು. ರಬ್ಬರ್ ಉಜ್ಜಬೇಡಿ, ಲೇಪ ಸವೆಯುತ್ತೆ, ಪುಡಿ ಸ್ಲಾಟಿನೊಳಗೆ ಬೀಳುತ್ತೆ.