‘ಕಲ್’ ಅಂದ್ರೆ ಕಲ್ಲೋ, ನಿನ್ನೆಯೋ, ನಾಳೆಯೋ?

ಮಂಡಿಪೇಟೆ ಜವಳಿ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮಗೆ ಸೂರತ್‌ನಿಂದ ಸೀರೆ ಬರುತ್ತೆ. ಮೊನ್ನೆ ಅಲ್ಲಿಯವರು ಫೋನಿನಲ್ಲಿ ‘ಪಾರ್ಸಲ್ ಕಲ್...’ ಅನ್ನುವಷ್ಟರಲ್ಲಿ ಲೈನ್ ಕಟ್ ಆಯ್ತು. ನಿನ್ನೆ ಕಳಿಸಿದ್ರಾ, ನಾಳೆ ಕಳಿಸ್ತಾರಾ? ಲಾರಿ ಆಫೀಸಿಗೆ ಹುಡುಗನನ್ನು ಓಡಿಸಬೇಕೋ ಬೇಡವೋ ತಿಳಿಯದೆ ರಸೀದಿ ಪುಸ್ತಕ ಹಿಡಿದುಕೊಂಡು ಕೂತಿದ್ದೆ. ಪಕ್ಕದ ಟೈಲರ್ ಮನೆಮಾತು ಮರಾಠಿ. ‘ನಮ್ಮಲ್ಲಿ ಕಾಲ್ ಅಂದ್ರೆ ನಿನ್ನೆ ಮಾತ್ರ, ನಾಳೆಗೆ ಉದ್ಯಾ ಅಂತೀವಿ’ ಅಂದರು. ತಮಿಳಿನಲ್ಲಿ ಕಲ್ ಅಂದ್ರೆ ನಮ್ಮ ಹಾಗೇ ಕಲ್ಲು. ಇಷ್ಟು ಚಿಕ್ಕ ಪದ ಒಂದೊಂದು ಕಡೆ ಒಂದೊಂದು ಅರ್ಥ ಕೊಡುತ್ತಲ್ಲ, ಇವಕ್ಕೆಲ್ಲ ಒಂದೇ ಬೇರಾ, ಅಥವಾ ಸುಮ್ನೆ ಸದ್ದು ಹೊಂದಿಕೊಂಡಿದ್ದಾ? ತಿಳಿದವರು ಹೇಳಿ.

ಹಿಂದಿ ಮೇಷ್ಟ್ರು:
ಹಿಂದಿ, ಉರ್ದುವಿನ ‘ಕಲ್’ ಬಂದಿದ್ದು ಸಂಸ್ಕೃತದ ‘ಕಲ್ಯ’ದಿಂದ. ಕಲ್ಯ ಅಂದ್ರೆ ಬೆಳಗಿನ ಜಾವ. ಇವತ್ತಿನ ಆಚೆ ಈಚೆ ಇರುವ ದಿನ ಅನ್ನೋ ಅರ್ಥ ಬಂದಿದ್ದು ಆಮೇಲೆ. ಸಂಸ್ಕೃತದಲ್ಲೇ ನಿನ್ನೆಗೆ ‘ಹ್ಯಃ’, ನಾಳೆಗೆ ‘ಶ್ವಃ’ ಅಂತ ಬೇರೆ ಬೇರೆ ಪದ ಇದ್ದವು. ಹಿಂದಿಗೆ ಬರುವಷ್ಟರಲ್ಲಿ ಆ ಜೋಡಿ ಬಿದ್ದುಹೋಗಿ ಒಂದೇ ‘ಕಲ್’ ಎರಡೂ ಕಡೆ ನಿಂತಿತು. ‘ಪರಸೋಂ’ ಕೂಡ ಹಾಗೇ, ಮೊನ್ನೆಯೂ ಅದೇ, ನಾಡಿದ್ದೂ ಅದೇ. ಗೊಂದಲ ಆಗಲ್ವಾ ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಆಗಲ್ಲ, ಯಾಕಂದ್ರೆ ಕ್ರಿಯಾಪದ ಬಂದು ಕಾಲ ಹೇಳುತ್ತೆ. ‘ಕಲ್ ಭೇಜಾ’ ಅಂದ್ರೆ ಕಳಿಸಿ ಆಯ್ತು, ‘ಕಲ್ ಭೇಜೂಂಗಾ’ ಅಂದ್ರೆ ಕಳಿಸೋದು ಇನ್ನೂ ಬಾಕಿ. ನಿಮ್ಮ ಫೋನು ಕಟ್ ಆಗಿದ್ದು ಸರಿಯಾಗಿ ಆ ಕ್ರಿಯಾಪದದ ಹತ್ತಿರ.
ಅದೇ ಹಿಂದಿಯಲ್ಲಿ ‘ಕಲ್’ ಅಂದ್ರೆ ಯಂತ್ರ ಅಂತಲೂ ಇದೆ, ‘ಕಲ್-ಕಾರ್ಖಾನಾ’ ಅನ್ನುತ್ತಾರಲ್ಲ, ಅದು.

ಚಳ್ಳಕೆರೆ ಸೊಸೆ:
ನಮ್ಮ ಕಡೆ ತೆಲುಗಿನದ್ದೂ ಸೇರಿಸಿಕೊಳ್ಳಿ ಅಣ್ಣ. ನಾನು ಕನ್ನಡದ ಮನೆಯಿಂದ ತೆಲುಗು ಮಾತಾಡೋ ಮನೆಗೆ ಬಂದವಳು. ಅತ್ತೆ ಈರುಳ್ಳಿ ಹೆಚ್ಚುತ್ತಾ ಕೂತು ‘ಕಳ್ಳು ಮಂಡುತುನ್ನಾಯಿ’ ಅಂದಾಗ ಮೊದಮೊದಲು ನನಗೆ ಕೇಳಿಸಿದ್ದು ನಮ್ಮ ಕುಡಿಯೋ ಕಳ್ಳು. ಅವರು ಹೇಳಿದ್ದು ಕಣ್ಣು ಉರಿಯುತ್ತಿದೆ ಅಂತ! ತೆಲುಗಿನಲ್ಲಿ ಕನ್ನು ಒಂದು, ಕಳ್ಳು ಎರಡು. ಕುಡಿಯೋ ಕಳ್ಳಿಗೆ ಅವರು ‘ಕಲ್ಲು’ ಅಂತಾರೆ. ನಮ್ಮ ಕಲ್ಲಿಗೆ ‘ರಾಯಿ’. ಕನಸಿಗೆ ‘ಕಲ’. ನಮ್ಮ ಅಡುಗೆಮನೆಯಲ್ಲಿ ಲ, ಳ ನೋಡಿಕೊಂಡು ಮಾತಾಡಬೇಕು, ನನ್ನ ಮಗಳು ಮಾತ್ರ ಎರಡನ್ನೂ ಸಲೀಸಾಗಿ ಆಡುತ್ತಾಳೆ.

ಊರೂರು ಸುತ್ತು:
ಟರ್ಕಿಯವರ ಭಾಷೆಯಲ್ಲಿ ‘ಕಲ್’ ಅಂದ್ರೆ ‘ಇರು, ಉಳಿ’. ಹೊರಡೋರು ಉಳಿಯೋರಿಗೆ ‘ಹೋಶ್ಚಾ ಕಲ್’ ಅಂತಾರೆ, ಚೆನ್ನಾಗಿರು ಅಂತ. ರೊಮೇನಿಯಾದಲ್ಲಿ ಕಲ್ ಅಂದ್ರೆ ಕುದುರೆ, ಜರ್ಮನ್‌ನಲ್ಲಿ ‘ಕಾಲ್’ ಅಂದ್ರೆ ಬೋಳು. ಎಲ್ಲಕ್ಕಿಂತ ಮುಖ್ಯವಾದದ್ದು ಲ್ಯಾಟಿನ್: ಅಲ್ಲಿ ‘ಕಲ್ಕುಲಸ್’ ಅಂದ್ರೆ ಸಣ್ಣ ಕಲ್ಲು, ಹರಳು. ಹರಳಿಟ್ಟು ಎಣಿಸುತ್ತಿದ್ದರಿಂದಲೇ ಕ್ಯಾಲ್ಕುಲೇಟರ್ ಅನ್ನೋ ಪದ ಬಂತು. ಅರ್ಥವೂ ಕಲ್ಲು, ಸದ್ದೂ ಕಲ್ಲು. ಇದು ಇಲ್ಲಿಂದಲೇ ಹೋದ ಪದ ಅಂತ ನನಗೆ ಗಟ್ಟಿಯಾಗಿ ಅನಿಸುತ್ತೆ.

ದುರ್ಗದ ಬೀಸೋಕಲ್ಲು (ಚಿತ್ರದುರ್ಗ):
ಇಲ್ಲ ತಮ್ಮಾ, ಆ ಮಾತು ನಿಲ್ಲಲ್ಲ. ನಾನು ಕೋಟೆಯ ಊರಿನವನು, ಕಲ್ಲಿನ ಮೇಲೆ ನನಗೂ ಅಭಿಮಾನ ಜಾಸ್ತಿ. ಕೋಟೆಯೊಳಗೆ ಮದ್ದು ಬೀಸುತ್ತಿದ್ದ ದೊಡ್ಡ ಬೀಸೋಕಲ್ಲುಗಳನ್ನು ನೋಡಲು ಬಂದವರಿಗೆಲ್ಲ ತೋರಿಸುತ್ತೇನೆ. ಆದರೆ ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಬಾರದು.
ನೆಂಟಸ್ತಿಕೆ ಗೊತ್ತಾಗೋದು ಸಾಲು ಸಾಲು ಪದಗಳು ಒಂದೇ ಕ್ರಮದಲ್ಲಿ ಹೊಂದಿದಾಗ. ತಮಿಳಿನ ಪಾಲ್ ನಮಗೆ ಹಾಲು, ಪಲ್ ನಮಗೆ ಹಲ್ಲು, ಪುಲಿ ನಮಗೆ ಹುಲಿ. ಪದದ ಮೊದಲಿದ್ದ ಪಕಾರ ನಮ್ಮಲ್ಲಿ ಹಕಾರ ಆಗಿದೆ, ಹಳಗನ್ನಡದಲ್ಲಿ ನಾವೂ ಪಾಲ್, ಪಲ್, ಪುಲಿ ಅಂತಲೇ ಅನ್ನುತ್ತಿದ್ದೆವು. ಕಣ್ಣು, ಕಾಲು, ಕಲ್ಲು ಎರಡೂ ಕಡೆ ಹಾಗೇ ಉಳಿದಿವೆ. ಮದ್ರಾಸಿನಲ್ಲಿದ್ದ ಎಲ್ಲಿಸ್ ಅನ್ನೋ ಅಧಿಕಾರಿ 1816ರಲ್ಲೇ ಕನ್ನಡ, ತಮಿಳು, ತೆಲುಗು ಪದಗಳನ್ನು ಪಕ್ಕಪಕ್ಕ ಇಟ್ಟು ಇವು ಒಂದೇ ಮನೆತನದವು ಅಂತ ತೋರಿಸಿದ್ದ. ಈಗ ಲ್ಯಾಟಿನ್ ತಗೊಳ್ಳಿ. ಕಣ್ಣಿಗೆ ಒಕುಲಸ್, ಹಲ್ಲಿಗೆ ಡೆನ್ಸ್, ಕಾಲಿಗೆ ಪೆಸ್. ಕಲ್ಲೊಂದು ಹೊಂದಿತು, ಉಳಿದದ್ದು ಯಾವುದೂ ಹೊಂದಲಿಲ್ಲ. ಬಾಯಿಗೆ ಸುಲಭವಾದ ಸದ್ದುಗಳು ಕೆಲವೇ, ಭಾಷೆಗಳೋ ಸಾವಿರಾರು. ಎರಡು ವ್ಯಂಜನ ಒಂದು ಸ್ವರದ ಪದ ಎಲ್ಲಾದರೂ ಡಿಕ್ಕಿ ಹೊಡೆದೇ ಹೊಡೆಯುತ್ತೆ. ‘ನುಗ್ಗೇಕಾಯಿ’ಯಂಥ ಉದ್ದದ ಪದ ಹೀಗೆ ಇನ್ನೊಂದು ದೇಶದಲ್ಲಿ ಸಿಕ್ಕಿದರೆ ಹೇಳಿ, ಆಗ ಕೂತು ಯೋಚನೆ ಮಾಡೋಣ.
ಮಂಡಿಪೇಟೆಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ನಮ್ಮದೂ ತಮಿಳಿನದೂ ಒಂದು ಬೇರು, ಹಿಂದಿ-ಮರಾಠಿಯದು ಇನ್ನೊಂದು, ಟರ್ಕಿಯದು ಅದರ ಪಾಡಿಗೆ ಅದು. ತಮಿಳಿನಲ್ಲಿ ಕಲ್ ಅಂದ್ರೆ ‘ಕಲಿ’ ಅಂತಲೂ ಆಗುತ್ತೆ. ನಮ್ಮ ‘ಕಲಿ’ಯೂ ಅದೇ ಬೇರಿನದು, ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಮಂಡಿಪೇಟೆ ಜವಳಿ:
ತುಂಬಾ ಥ್ಯಾಂಕ್ಸ್, ಹಾಲು-ಹಲ್ಲು-ಹುಲಿ ಹೇಳಿದ ಮೇಲೆ ಚೆನ್ನಾಗಿ ತಿಳೀತು. ಹಾಗಾದ್ರೆ ನಮ್ಮ ‘ಕಾಲು’? ನಡೆಯೋ ಕಾಲೂ ಅದೇ, ಕಾಲು ಕೆಜಿಯೂ ಅದೇ. ಇದೂ ಸದ್ದಿನ ಡಿಕ್ಕಿನಾ?

ಹಿಂದಿ ಮೇಷ್ಟ್ರು:
ಇದು ಕಲ್‌ಗೆ ಪೂರ್ತಿ ಉಲ್ಟಾ ಸರ್. ಕಲ್‌ನಲ್ಲಿ ಸದ್ದು ಒಂದು, ಅರ್ಥ ಬೇರೆ. ಇಲ್ಲಿ ಸದ್ದು ಬೇರೆ, ಅರ್ಥದ ಜೋಡಿ ಒಂದೇ. ಸಂಸ್ಕೃತದ ‘ಪಾದ’ ಅಂದ್ರೆ ಕಾಲೂ ಹೌದು, ನಾಲ್ಕನೇ ಒಂದು ಪಾಲೂ ಹೌದು. ಜಾತಕದಲ್ಲಿ ಒಂದೊಂದು ನಕ್ಷತ್ರಕ್ಕೆ 4 ಪಾದ ಬರೆಯುತ್ತಾರಲ್ಲ, ಆ ಲೆಕ್ಕ. ಅದೇ ಪಾದ ಹಿಂದಿಯಲ್ಲಿ ‘ಪಾಂವ್’ ಆಗಿ ಕಾಲು, ‘ಪಾವ್’ ಆಗಿ ಕಾಲು ಭಾಗ. ಸೇರಿನ ನಾಲ್ಕನೇ ಒಂದು ಪಾಲಿಗೆ ನಾವು ‘ಪಾವು’ ಅಂತೀವಲ್ಲ, ಅದೂ ಈ ಪಾವೇ.